ಅನುಮೋದನೆಯ ಭಾರ

ಒಂದು ಕಾರ್ಯದ ಫಲಕ್ಕೆ ಹೊಣೆಗಾರನಾರು ಎಂದು ಕೇಳಿದಾಗ ಲೋಕವ್ಯವಹಾರ ಸಾಮಾನ್ಯವಾಗಿ ಕೈಯನ್ನು ನೋಡುತ್ತದೆ. ಯಾರ ಕೈ ಅಗೆಯಿತೋ, ಯಾರ ಕೈ ಕಡಿಯಿತೋ ಅವನೇ ಮಾಡಿದವನು. ಭಾರತೀಯ ನೀತಿಚಿಂತನೆ ಇಷ್ಟಕ್ಕೆ ತೃಪ್ತವಾಗಲಿಲ್ಲ. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಇತರರು ಮಾಡುವುದಕ್ಕೆ ಸಮ್ಮತಿಸಿದ್ದು ಎಂದು ಹಿಂಸೆಯನ್ನು ಮೂರು ಬಗೆಯಾಗಿ ಎಣಿಸುವ ಕ್ರಮ ತತ್ತ್ವಾರ್ಥಸೂತ್ರದಲ್ಲಿಯೂ ಪತಂಜಲಿಯ ಯೋಗಸೂತ್ರದಲ್ಲಿಯೂ ಕಾಣುತ್ತದೆ. ಈ ಮೂರರಲ್ಲಿ ಮನುಷ್ಯನು ಸುಲಭವಾಗಿ ಮರೆಯುವುದು ಮೂರನೆಯದನ್ನು. ಸಮ್ಮತಿಸಿದವನ ಕೈಗೆ ಮಣ್ಣು ಅಂಟುವುದಿಲ್ಲ. ಆದುದರಿಂದ ತಾನು ಏನನ್ನೂ ಮಾಡಲಿಲ್ಲವೆಂದು ಅವನು ನಂಬಬಲ್ಲನು.

ಇಂದಿನ ಆಡಳಿತದ ಕಡತಗಳಲ್ಲಿ ನಿತ್ಯವೂ ಬರೆಯಲ್ಪಡುವ ಮಾತು 'ಅನುಮೋದಿಸಲಾಗಿದೆ' ಎಂಬುದು. ಕರ್ತೃವೇ ಇಲ್ಲದ ಕ್ರಿಯಾಪದವದು. ಯಾರು ಅನುಮೋದಿಸಿದರು, ಏನನ್ನು ತಿಳಿದು ಅನುಮೋದಿಸಿದರು, ಯಾರ ಮಾತನ್ನು ಕೇಳಿ ಅನುಮೋದಿಸಿದರು ಎಂಬುದನ್ನು ಅದು ಹೇಳುವುದಿಲ್ಲ. ಈ ಮೌನದೊಳಗೆ ಅಡಗಿರುವ ನೈತಿಕ ಪ್ರಶ್ನೆ ಎಷ್ಟು ಆಳವಾದುದು ಎಂಬುದಕ್ಕೆ ದಕ್ಷಿಣ ಭಾರತದ ಕಡಲತೀರದ ಕರಿಮರಳು ಒಂದು ನಿದರ್ಶನ.

ಕೇರಳದ ಕೊಲ್ಲಂ ಜಿಲ್ಲೆಯ ಚವರದ ಸುತ್ತಣ ತೀರದಲ್ಲಿಯೂ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಮಣವಾಳಕುರಿಚ್ಚಿಯ ತೀರದಲ್ಲಿಯೂ ಮರಳು ಹಲವೆಡೆ ಕಪ್ಪಾಗಿ ಮಿನುಗುತ್ತದೆ. ಮಲಯಾಳಿಗಳು ಇದನ್ನು 'ಕರಿಮಣಲ್' ಎನ್ನುತ್ತಾರೆ. ಇಲ್ಮನೈಟ್, ರೂಟೈಲ್, ಜಿರ್ಕಾನ್, ಸಿಲಿಮನೈಟ್, ಮೊನಜೈಟ್ ಎಂಬ ಭಾರವಾದ ಖನಿಜಕಣಗಳು ಇದರಲ್ಲಿ ಬೆರೆತಿವೆ. ನದಿಗಳು ಯುಗಯುಗಗಳಿಂದ ಬಂಡೆಗಳ ಪುಡಿಯನ್ನು ಕಡಲಿಗೆ ತಂದವು. ಅಲೆಗಳು ಹಗುರವಾದುದನ್ನು ಸೆಳೆದೊಯ್ದು ಭಾರವಾದುದನ್ನು ದಡದಲ್ಲಿ ಬಿಟ್ಟವು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟನ್ನು ಗುರುತಿಸಿದನು. ಮೊನಜೈಟಿನಲ್ಲಿ ಥೋರಿಯಂ ಇದೆ. ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್ ಬೆಳ್ಳಗೆ ಬೆಳಗಲು ಅಂದು ಬೇಕಾಗಿದ್ದುದು ಅದೇ ಥೋರಿಯಂ. ಹೀಗೆ ನಾರಿನ ಮೂಟೆಯ ಧೂಳಿನಿಂದ ಒಂದು ಉದ್ಯಮ ಹುಟ್ಟಿತು.

ಸ್ವಾತಂತ್ರ್ಯಾನಂತರ ಈ ಮರಳಿಗೆ ಬೇರೊಂದು ಬೆಲೆ ಬಂದಿತು. 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಸಂಸ್ಥೆ ಸ್ಥಾಪಿತವಾಗಿ, ಮುಂದೆ ಪರಮಾಣು ಶಕ್ತಿ ಇಲಾಖೆಯ ಅಧೀನಕ್ಕೆ ಬಂದಿತು. ಚವರದಲ್ಲಿ ಕೇರಳ ಸರ್ಕಾರದ ಇನ್ನೊಂದು ಸಂಸ್ಥೆಯೂ ಇದೇ ಮರಳನ್ನು ಅವಲಂಬಿಸಿದೆ. ಇಲ್ಮನೈಟಿನಿಂದ ದೊರೆಯುವ ಟೈಟಾನಿಯಂ ಡೈಆಕ್ಸೈಡ್ ಬಿಳಿಯ ಬಣ್ಣಕ್ಕೆ ಆಧಾರ. ಜಿರ್ಕಾನ್ ಪಿಂಗಾಣಿಗೂ ಟೈಲ್‌ಗಳಿಗೂ ಹೊಳಪು ಕೊಡುತ್ತದೆ. ಮೊನಜೈಟಿನಲ್ಲಿರುವ ವಿರಳ ಧಾತುಗಳು ವಿದ್ಯುತ್ ವಾಹನಗಳ ಮೋಟಾರುಗಳಿಗೂ ಗಾಳಿಯಂತ್ರಗಳಿಗೂ ಬೇಕಾದ ಬಲವಾದ ಅಯಸ್ಕಾಂತಗಳಿಗೆ ಅಗತ್ಯ. ಆದುದರಿಂದ ಈ ಮರಳನ್ನು ತೆಗೆಯುವುದೇ ದುರಾಸೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಹೊಗೆಯುಗುಳುವ ಇಂಧನವನ್ನು ಬಿಡಬೇಕೆನ್ನುವ ಲೋಕಕ್ಕೆ ಈ ಲೋಹಗಳು ಬೇಕು.

ಆದರೆ ಆ ಮರಳಿನ ಮೇಲೆ ಮನೆಗಳೂ ಇವೆ. ಕರುನಾಗಪ್ಪಳ್ಳಿ ತಾಲ್ಲೂಕಿನ ಆಲಪ್ಪಾಡ್ ಗ್ರಾಮ ಅರಬ್ಬೀ ಸಮುದ್ರಕ್ಕೂ ಅದಕ್ಕೆ ಸಮಾನಾಂತರವಾಗಿ ಹರಿಯುವ ಕಾಲುವೆಗೂ ನಡುವೆ ಪಟ್ಟಿಯಂತೆ ಚಾಚಿಕೊಂಡಿರುವ ಊರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ಓಡಿಹೋಗಲು ಜಾಗವಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಈ ಒಂದೇ ಗ್ರಾಮದಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂಥ ಊರಿನವರಿಗೆ ದಡದ ಮರಳು ಖನಿಜವಲ್ಲ, ಗೋಡೆ. 2018ರ ನವೆಂಬರಿನಲ್ಲಿ ಅವರು ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು ಸರದಿ ಉಪವಾಸ ಆರಂಭಿಸಿದರು. ತಮ್ಮ ಗ್ರಾಮದ ನೆಲದಲ್ಲಿ ಬಹುಪಾಲು ಕಡಲುಪಾಲಾಗಿದೆ, ಅದಕ್ಕೆ ದಶಕಗಳ ಗಣಿಗಾರಿಕೆಯೇ ಕಾರಣ ಎಂಬುದು ಅವರ ವಾದ. ಅಲೆ ತಂದು ಹಾಕುವ ಮರಳನ್ನಷ್ಟೇ ತೆಗೆಯುತ್ತೇವೆ, ಅಗೆದ ಗುಂಡಿಯನ್ನು ಮತ್ತೆ ತುಂಬುತ್ತೇವೆ, ಕೊರೆತಕ್ಕೆ ಬೇರೆ ಕಾರಣಗಳಿವೆ ಎಂಬುದು ಎದುರು ಪಕ್ಷದ ವಾದ. 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ಅಲೆಗಳು ತಂದ ಮರಳನ್ನು ದಡದಿಂದ ತೆಗೆಯುವ 'ಸೀ ವಾಷಿಂಗ್' ಪದ್ಧತಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಅಧ್ಯಯನಕ್ಕೆ ಒಪ್ಪಿಸುವುದಾಗಿ ತಿಳಿಸಿತು.

ಈ ವಿವಾದದ ಭೌತಿಕ ಸ್ವರೂಪವನ್ನು ಅರಿಯುವುದು ಅವಶ್ಯಕ. ತೀರದ ಮರಳು ಒಂದೆಡೆ ನೆಲೆನಿಂತ ವಸ್ತುವಲ್ಲ. ಮುಂಗಾರಿನ ಒರಟು ಅಲೆಗಳು ಅದನ್ನು ಸೆಳೆದೊಯ್ಯುತ್ತವೆ. ಬೇಸಗೆಯ ಮೃದುವಾದ ಅಲೆಗಳು ಮತ್ತೆ ತಂದಿಡುತ್ತವೆ. ದಡದ ಉದ್ದಕ್ಕೂ ಪ್ರವಾಹ ಅದನ್ನು ಊರಿಂದೂರಿಗೆ ಸಾಗಿಸುತ್ತದೆ. ಆದುದರಿಂದ ಒಂದೆಡೆ ತೆಗೆದ ಮರಳಿನ ಕೊರತೆ ಇನ್ನೊಂದೆಡೆ, ಇನ್ನೊಬ್ಬರ ಅಂಗಳದಲ್ಲಿ, ಕೆಲವು ವರ್ಷಗಳ ಬಳಿಕ ಕಾಣಿಸಿಕೊಳ್ಳಬಹುದು. ಬಂದರಿನ ಅಡ್ಡಗೋಡೆಯೂ ನದಿಯ ಅಣೆಕಟ್ಟೂ ಇಂಥದೇ ಕೊರತೆಯನ್ನು ಉಂಟುಮಾಡಬಲ್ಲವು. ಯಾವ ಮನೆ ಯಾವ ಕಾರಣದಿಂದ ಬಿದ್ದಿತೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಇಂಥ ಸಂದರ್ಭಗಳಲ್ಲಿಯೇ ಹೊಣೆ ಕೈಯಿಂದ ಕೈಗೆ ಜಾರುತ್ತದೆ. ಯಂತ್ರ ನಡೆಸುವವನು 'ಇದು ನನ್ನ ನೌಕರಿ' ಎನ್ನುತ್ತಾನೆ. ಸಂಸ್ಥೆ 'ನಮಗೆ ಗುತ್ತಿಗೆಯಿದೆ, ಪರಿಸರ ಅನುಮತಿಯಿದೆ' ಎನ್ನುತ್ತದೆ. ಅನುಮತಿ ನೀಡಿದ ಅಧಿಕಾರಿ 'ತಜ್ಞರ ಸಮಿತಿ ಶಿಫಾರಸು ಮಾಡಿದೆ' ಎನ್ನುತ್ತಾನೆ. ಸಮಿತಿ 'ವರದಿಯಲ್ಲಿ ಹಾಗಿತ್ತು' ಎನ್ನುತ್ತದೆ. ವರದಿಯನ್ನು ಬರೆದವರು ಯೋಜನೆಯನ್ನು ಬಯಸುವ ಸಂಸ್ಥೆಯೇ ಹಣಕೊಟ್ಟು ನೇಮಿಸಿದ ಸಲಹೆಗಾರರು. ಸರಪಳಿಯ ಪ್ರತಿಯೊಂದು ಕೊಂಡಿಯೂ ನಿರ್ದೋಷಿ. ಕೊನೆಗೆ ಕುಸಿದ ಮನೆಗೆ ಕಡಲೊಂದೇ ಕಾರಣ.

ಈ ಸರಪಳಿಯಲ್ಲಿ ಹಾನಿ ಉಣ್ಣುವವನ ಮಾತು ನೇರವಾಗಿ ಪ್ರವೇಶಿಸುವ ಸ್ಥಳವೊಂದನ್ನು ಕಾನೂನು ಇರಿಸಿತ್ತು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಪರಿಸರ ಅನುಮತಿಗೆ ನಾಲ್ಕು ಹಂತಗಳನ್ನು ವಿಧಿಸಿತು. ಮೂರನೆಯದು ಸಾರ್ವಜನಿಕ ಸಮಾಲೋಚನೆ. ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕು, ಮೂವತ್ತು ದಿನಗಳ ಮುನ್ಸೂಚನೆ ಕೊಡಬೇಕು, ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ಜಿಲ್ಲಾಧಿಕಾರಿಯ ಇಲ್ಲವೆ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಆಲಿಕೆ ಸಭೆ ನಡೆಯಬೇಕು, ಅದನ್ನು ಚಿತ್ರೀಕರಿಸಬೇಕು. ಅಲ್ಲಿ ಎತ್ತಿದ ಆಕ್ಷೇಪಗಳಿಗೆ ಯೋಜನೆಯವರು ಉತ್ತರ ಕೊಟ್ಟು ವರದಿಯನ್ನು ತಿದ್ದಬೇಕು. ಜನರ ಒಪ್ಪಿಗೆ ಬೇಕೇಬೇಕೆಂದು ಈ ಅಧಿಸೂಚನೆ ಹೇಳಲಿಲ್ಲ; ಕೇಳಬೇಕೆಂದಷ್ಟೇ ಹೇಳಿತು. 'ಆಲಿಕೆ' ಎಂಬ ಹೆಸರೇ ಅದರ ಮಿತಿಯನ್ನೂ ಘನತೆಯನ್ನೂ ಸೂಚಿಸುತ್ತದೆ.

2025ರ ಸೆಪ್ಟೆಂಬರ್ 8ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಆದೇಶವು ಪರಮಾಣು ಖನಿಜಗಳ ಹಾಗೂ ನಿರ್ಣಾಯಕ ಖನಿಜಗಳ ಗಣಿಗಾರಿಕೆಯನ್ನು ಈ ಸಾರ್ವಜನಿಕ ಸಮಾಲೋಚನೆಯಿಂದ ಹೊರತುಪಡಿಸಿತು. ಅಂಥ ಯೋಜನೆಗಳನ್ನು, ಗುತ್ತಿಗೆಯ ವಿಸ್ತೀರ್ಣ ಎಷ್ಟೇ ಇರಲಿ, ಕೇಂದ್ರ ಮಟ್ಟದಲ್ಲಿಯೇ ಪರಿಶೀಲಿಸಬೇಕೆಂದಿತು. ರಾಷ್ಟ್ರದ ರಕ್ಷಣೆಗೂ ಪರಮಾಣು ಕಾರ್ಯಕ್ರಮಕ್ಕೂ ಈ ಖನಿಜಗಳ ಅಗತ್ಯವನ್ನು ಅದಕ್ಕೆ ಕಾರಣವಾಗಿ ಕೊಡಲಾಯಿತು. ಇದಕ್ಕೆ ಒಂದು ವರ್ಷ ಮೊದಲು, 2024ರಲ್ಲಿ, ಕನ್ಯಾಕುಮಾರಿ ಜಿಲ್ಲೆಯ ಕಿಳ್ಳಿಯೂರು ತಾಲ್ಲೂಕಿನ ಗ್ರಾಮಗಳಲ್ಲಿ ಸುಮಾರು 1,144 ಹೆಕ್ಟೇರ್ ಪ್ರದೇಶದಲ್ಲಿ ಇಂಥ ಗಣಿಗಾರಿಕೆಯ ಪ್ರಸ್ತಾವವನ್ನು ಮೀನುಗಾರ ಸಮುದಾಯಗಳು ಬಲವಾಗಿ ವಿರೋಧಿಸಿದ್ದವು.

ಇಲ್ಲಿ ಪ್ರಶ್ನೆ ಉದ್ಭವಿಸುತ್ತದೆ. ಕೇಳದೆ ಮಾಡಿದ ಅನುಮೋದನೆಗೂ ಕೇಳಿ ಮಾಡಿದ ಅನುಮೋದನೆಗೂ ನೈತಿಕವಾಗಿ ಭೇದವಿದೆಯೆ? ಎರಡರಲ್ಲಿಯೂ ಗಣಿ ತೆರೆಯುವುದಾದರೆ, ಹಾನಿಯೂ ಒಂದೇ ಆಗಿದ್ದರೆ, ನಡುವೆ ನಡೆದ ಒಂದು ಸಭೆಯಿಂದ ಏನು ಬದಲಾಗುತ್ತದೆ?

ಆಲಿಕೆಯನ್ನು ಬಿಡಬಹುದೆನ್ನುವವರ ಪಕ್ಷವನ್ನು ಮೊದಲು ಪ್ರಾಮಾಣಿಕವಾಗಿ ಮಂಡಿಸಬೇಕು. ಅವರ ಮೊದಲನೆಯ ವಾದ ಬಹುಜನಹಿತದ್ದು. ಕೆಲವು ಗ್ರಾಮಗಳ ಅನನುಕೂಲಕ್ಕಾಗಿ ಇಡೀ ರಾಷ್ಟ್ರದ ಅಗತ್ಯ ಕಾಯಬೇಕೆ? ಎರಡನೆಯದು ಜ್ಞಾನದ್ದು. ಜನರ ಭಯ ಯಾವಾಗಲೂ ನಿಜವಾದ ಅಪಾಯವನ್ನು ಸೂಚಿಸುವುದಿಲ್ಲ. ಇದಕ್ಕೆ ಕರುನಾಗಪ್ಪಳ್ಳಿಯೇ ಸಾಕ್ಷಿ. ಅಲ್ಲಿಯ ಮೊನಜೈಟಿನ ಕಾರಣದಿಂದ ನೆಲದ ಸಹಜ ವಿಕಿರಣ ಹೆಚ್ಚು. ಅದರಿಂದ ಕ್ಯಾನ್ಸರ್ ಹೆಚ್ಚುತ್ತದೆಂಬ ಭೀತಿ ಬಹುಕಾಲದ್ದು. ಆದರೆ ಸುಮಾರು 70,000 ನಿವಾಸಿಗಳನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ, ಆ ಸಹಜ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿರುವುದು ಕಂಡುಬಂದಿಲ್ಲವೆಂದು ಹೇಳಿತು. ಮೂರನೆಯ ವಾದ ಅನುಭವದ್ದು. ಆಲಿಕೆ ಸಭೆಗಳು ಹಲವು ವೇಳೆ ಗದ್ದಲದಲ್ಲಿ ಮುಗಿಯುತ್ತವೆ. ಇಲ್ಲವೆ ಮೊದಲೇ ಆದ ನಿರ್ಧಾರಕ್ಕೆ ಒಂದು ಅಲಂಕಾರವಾಗುತ್ತವೆ. ನಾಟಕವಾಗುವ ಸಭೆಗಿಂತ ಸಭೆಯಿಲ್ಲದಿರುವುದು ಲೇಸಲ್ಲವೆ?

ಈ ಮೂರೂ ವಾದಗಳಲ್ಲಿ ಸತ್ಯಾಂಶವಿದೆ, ಯಾವುದೂ ಪೂರ್ಣಸತ್ಯವಲ್ಲ. ಬಹುಜನಹಿತದ ವಾದವನ್ನೇ ನೋಡಬಹುದು. ಅನೇಕರಿಗಾಗಿ ಕೆಲವರು ನಷ್ಟವನ್ನು ಹೊರಬೇಕಾದ ಪ್ರಸಂಗಗಳು ಲೋಕದಲ್ಲಿವೆ ಎಂದೇ ಒಪ್ಪಿಕೊಳ್ಳೋಣ. ಆಗಲೂ ಆ ಕೆಲವರಿಂದ ಪಡೆಯುವುದು ಸಾಲ. ಸಾಲ ಕೇಳುವವನು ಬಾಗಿಲಿಗೆ ಹೋಗಿ ಕೇಳಬೇಕು; ಎಷ್ಟು, ಏತಕ್ಕೆ, ಎಂದು ತೀರಿಸುವೆನೆಂದು ಹೇಳಬೇಕು. ಬಾಗಿಲು ತಟ್ಟದೆ ಒಯ್ದುದಕ್ಕೆ ಬೇರೆ ಹೆಸರಿದೆ. ಅಗತ್ಯ ದೊಡ್ಡದಾದಷ್ಟೂ ಕೇಳುವ ವಿನಯ ದೊಡ್ಡದಾಗಬೇಕೇ ಹೊರತು ಅದು ಇಲ್ಲವಾಗುವುದಲ್ಲ.

ಜ್ಞಾನದ ವಾದ ಇನ್ನೂ ಸೂಕ್ಷ್ಮವಾದುದು. ವಿಕಿರಣದ ಬಗೆಗಿನ ಭಯ ಅತಿಯಾಗಿದ್ದಿರಬಹುದು. ಆದರೆ ಒಂದು ವಿಷಯದಲ್ಲಿ ತಪ್ಪಿದವನು ಎಲ್ಲ ವಿಷಯಗಳಲ್ಲಿಯೂ ತಪ್ಪುತ್ತಾನೆಂದು ಇದರಿಂದ ಸಿದ್ಧವಾಗದು. ಯಾವ ತಿಂಗಳಲ್ಲಿ ಯಾವ ದಡ ಸವೆಯುತ್ತದೆ, ಯಾವ ಬಾವಿಯ ನೀರು ಯಾವ ವರ್ಷ ಉಪ್ಪಾಯಿತು, ದೋಣಿ ಎಳೆಯುವ ಜಾಗ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು ನೂರು ದಿನ ಅಳೆದವನಿಗಿಂತ ಮೂವತ್ತು ವರ್ಷ ಬಾಳಿದವನು ಹೆಚ್ಚು ಬಲ್ಲನು. ವಿಜ್ಞಾನಿಯ ಮಾಪಕಕ್ಕೆ ತಿಳಿದುದು ಒಂದು ನೆಲೆಯಿಂದ ಕಂಡ ಸತ್ಯ. ಮೀನುಗಾರನ ಕಣ್ಣಿಗೆ ತಿಳಿದುದು ಇನ್ನೊಂದು ನೆಲೆಯಿಂದ ಕಂಡ ಸತ್ಯ. ಒಂದನ್ನು ಮಾತ್ರ ಇರಿಸಿಕೊಂಡು ತೀರ್ಪು ಕೊಟ್ಟವನು ಅರ್ಧ ತಿಳಿದು ಪೂರ್ಣ ನಿರ್ಣಯಿಸಿದಂತಾಗುತ್ತದೆ. ಇನ್ನೊಂದು ಮಾತೂ ಇದೆ. ಭಯ ತಪ್ಪಾಗಿದ್ದಲ್ಲಿ ಅದನ್ನು ನಿವಾರಿಸುವ ದಾರಿಯೂ ಅದೇ ಸಭೆಯೇ. ತನ್ನ ಮಾತಿಗೆ ಯಾರೂ ಕಿವಿಗೊಡಲಿಲ್ಲವೆಂದು ಬಲ್ಲವನು ಇತರರ ಮಾತಿಗೆ, ಅದು ಎಷ್ಟೇ ನಿಜವಾಗಿರಲಿ, ಕಿವಿಗೊಡಲಾರನು.

ನಾಟಕದ ವಾದಕ್ಕೆ ಉತ್ತರ ಸರಳ. ವೈದ್ಯರು ಅವಸರದಿಂದ ನಾಡಿ ನೋಡುತ್ತಾರೆಂದು ನಾಡಿ ನೋಡುವುದನ್ನೇ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಆಲಿಕೆ ನಿಜವಾಗಿ ನಡೆದಾಗ ಅದರ ಫಲವೇನೆಂಬುದಕ್ಕೆ ಹೊರನಾಡಿನ ನಿದರ್ಶನವೊಂದುಂಟು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಗ್ರಾಮೀಣ ಪೂರ್ವ ಗಿಪ್ಸ್‌ಲ್ಯಾಂಡಿನಲ್ಲಿ 'ಫಿಂಗರ್‌ಬೋರ್ಡ್ಸ್' ಎಂಬ ಸ್ಥಳದಲ್ಲಿ 1,675 ಹೆಕ್ಟೇರ್ ವಿಸ್ತೀರ್ಣದ ಖನಿಜ ಮರಳಿನ ಗಣಿಯೊಂದು ಪ್ರಸ್ತಾಪಗೊಂಡಿತ್ತು. ಸಮೀಪದಲ್ಲಿಯೇ ಮಿಚೆಲ್ ನದಿ. ಅದರ ನೀರಿನಿಂದ ಬೆಳೆಯುವ ತರಕಾರಿ ತೋಟಗಳು. ಸರ್ಕಾರ ನೇಮಿಸಿದ ಸ್ವತಂತ್ರ ಸಮಿತಿ 2021ರಲ್ಲಿ ಬಹಿರಂಗ ವಿಚಾರಣೆ ನಡೆಸಿ, ರೈತರು, ಮೂಲನಿವಾಸಿಗಳು, ತಜ್ಞರು, ಗಣಿಸಂಸ್ಥೆ ಎಲ್ಲರ ವಾದಗಳನ್ನೂ ಪರಿಶೀಲಿಸಿತು. ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿಯ ಯೋಜನಾ ಸಚಿವರು, ಪರಿಸರದ ಮೇಲಣ ಪರಿಣಾಮಗಳು ಒಪ್ಪತಕ್ಕವಲ್ಲವಾದುದರಿಂದ ಯೋಜನೆ ಮುಂದುವರಿಯಬಾರದೆಂದು ನಿರ್ಣಯಿಸಿದರು. ಅದೇ ರಾಜ್ಯದ ಬೇರೆ ಬಯಲುಗಳಲ್ಲಿ ಇಂಥದೇ ಗಣಿಗಳಿಗೆ ಅನುಮತಿ ದೊರೆತದ್ದೂ ಉಂಟು. ಕೇಳುವುದೆಂದರೆ ಸದಾ ನಿರಾಕರಿಸುವುದಲ್ಲ; 'ಇಲ್ಲ' ಎನ್ನುವ ಸಾಧ್ಯತೆಯನ್ನು ಪ್ರಾಮಾಣಿಕವಾಗಿ ತೆರೆದಿಟ್ಟುಕೊಳ್ಳುವುದು. ಆ ಸಾಧ್ಯತೆ ಇಲ್ಲದಲ್ಲಿ 'ಹೌದು' ಎಂಬ ಮಾತಿಗೂ ಅರ್ಥವಿಲ್ಲ.

ಇಷ್ಟನ್ನು ಹೇಳಿದ ಮೇಲೆ ಮೂಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗುತ್ತದೆ. ಆಲಿಕೆ ಗ್ರಾಮಸ್ಥನಿಗೆ ಮಾಡುವ ಉಪಕಾರವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ನಿಜವಾಗಿ ಅದು ಅನುಮೋದಿಸುವವನ ಆತ್ಮರಕ್ಷಣೆ. ತಾನು ಯಾವುದಕ್ಕೆ ಸಮ್ಮತಿಸುತ್ತಿದ್ದೇನೆಂದು ತಿಳಿಯದೆ ಸಮ್ಮತಿಸಿದವನು ಸಮ್ಮತಿಸಿದಂತೆಯೇ ಅಲ್ಲ. ಸಹಿ ಹಾಕಿದಂತೆ ಮಾತ್ರ. ಕೇಳುವುದನ್ನು ಕೈಬಿಟ್ಟರೆ ಹಾನಿ ಕಡಿಮೆಯಾಗುವುದಿಲ್ಲ. ಹಾನಿಯ ಅರಿವು ಮಾತ್ರ ಕಡಿಮೆಯಾಗುತ್ತದೆ. ತಿಳಿಯದೆ ಮಾಡಿದವನಿಗೆ ಕ್ಷಮೆಯುಂಟು ಎಂಬುದು ಲೋಕನ್ಯಾಯ. ಆದರೆ ತಿಳಿಯಬಾರದೆಂದೇ ಕಿವಿ ಮುಚ್ಚಿಕೊಂಡವನ ಅಜ್ಞಾನ ಆ ಕ್ಷಮೆಗೆ ಅರ್ಹವಲ್ಲ; ಅದು ತಾನಾಗಿಯೇ ಒಂದು ಕೃತ್ಯ. ಕೇಳಿ ಅನುಮೋದಿಸಿದವನು ಭಾರವನ್ನು ಹೊತ್ತಿದ್ದಾನೆ; ಕೇಳದೆ ಅನುಮೋದಿಸಿದವನು ಅದೇ ಭಾರವನ್ನು ಕಾಣದಂತೆ ಹೊತ್ತಿದ್ದಾನೆ. ಭಾರದಲ್ಲಿ ವ್ಯತ್ಯಾಸವಿಲ್ಲ.

ಅನುಮೋದನೆ ಸಹಿಯ ಕ್ಷಣದಲ್ಲಿಯೇ ಮುಗಿಯುವುದೂ ಇಲ್ಲ. ಇದಕ್ಕೆ ತಮಿಳುನಾಡಿನ ಅನುಭವವನ್ನು ನೋಡಬೇಕು. ತೂತ್ತುಕುಡಿ, ತಿರುನೆಲ್ವೇಲಿ, ಕನ್ಯಾಕುಮಾರಿ ಜಿಲ್ಲೆಗಳ ತೀರದಲ್ಲಿ ಖಾಸಗಿ ಸಂಸ್ಥೆಗಳು ಗಾರ್ನೆಟ್, ಇಲ್ಮನೈಟ್ ಮುಂತಾದವನ್ನು ತೆಗೆಯುತ್ತಿದ್ದವು. ಅಕ್ರಮದ ದೂರುಗಳ ಹಿನ್ನೆಲೆಯಲ್ಲಿ 2013ರಲ್ಲಿ ರಾಜ್ಯ ಸರ್ಕಾರ ತೀರದ ಮರಳಿನ ಗಣಿಗಾರಿಕೆಯನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರ ಸರ್ಕಾರ ಖಾಸಗಿಯವರ ಇಂಥ ಗುತ್ತಿಗೆಗಳನ್ನು ಕೊನೆಗೊಳಿಸಿತು. 2025ರ ಫೆಬ್ರವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಈ ಅಕ್ರಮಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿ, ರಾಜಧನವೂ ಖನಿಜದ ಬೆಲೆಯೂ ಸೇರಿ 5,832 ಕೋಟಿ ರೂಪಾಯಿಗಳ ವಸೂಲಿಗೆ ಸಂಬಂಧಿಸಿದ ಕ್ರಮವನ್ನು ಎತ್ತಿಹಿಡಿಯಿತು. ನಿಷೇಧಕ್ಕೂ ಈ ತೀರ್ಪಿಗೂ ನಡುವೆ ಹನ್ನೊಂದು ವರ್ಷಗಳಿಗೂ ಹೆಚ್ಚು ಕಾಲ ಸಂದಿತ್ತು. ಹಣ ಬೊಕ್ಕಸಕ್ಕೆ ಮರಳಬಹುದು; ಹಡಗೇರಿದ ಮರಳು ದಡಕ್ಕೆ ಮರಳದು. ಅನುಮತಿ ಕೊಟ್ಟ ಕೈ ಆ ಬಳಿಕ ಕಣ್ಣಾಗಿ ಕಾಯದಿದ್ದರೆ ಆ ಅನುಮತಿ ಬೀಗದ ಕೀಲಿಯನ್ನು ಬೀದಿಯಲ್ಲಿ ಎಸೆದಂತೆ.

ಕೊನೆಗೆ ಒಂದು ಮಾತು ಉಳಿಯುತ್ತದೆ. ಅದು ಅಧಿಕಾರಿಗಳಿಗೂ ಸಂಸ್ಥೆಗಳಿಗೂ ಸಂಬಂಧಿಸಿದುದಲ್ಲ. ಟೈಟಾನಿಯಂ ಡೈಆಕ್ಸೈಡ್ ಇಲ್ಲದೆ ಇಂದಿನ ಮನೆಗಳ ಗೋಡೆಗಳು ಇಷ್ಟು ಬೆಳ್ಳಗಿರುವುದಿಲ್ಲ. ಮದುವೆಗೆಂದು, ಗೃಹಪ್ರವೇಶಕ್ಕೆಂದು, ಕೆಲವೊಮ್ಮೆ ಹಳೆಯ ಬಣ್ಣ ಬೇಸರವಾಯಿತೆಂದು ಗೋಡೆಗೆ ಬಳಿಸಿದ ಬಿಳುಪಿನಲ್ಲಿ ಯಾವುದೋ ತೀರದ ಕರಿಮರಳು ಕರಗಿದೆ. ಬಳಿಸಿದವನು ಅಗೆಯಲಿಲ್ಲ, ಅಗೆಯಿರೆಂದು ಹೇಳಲೂ ಇಲ್ಲ. ಆದರೆ ಅಗೆದುದನ್ನು ಬೆಲೆಕೊಟ್ಟು ಮನೆಯೊಳಗೆ ಬರಮಾಡಿಕೊಂಡನು. ಮೂರನೆಯ ಬಗೆಯ ಕರ್ಮ ಸಚಿವಾಲಯದ ಕಡತದಲ್ಲಿ ಮಾತ್ರವಲ್ಲ, ಅಂಗಡಿಯ ರಸೀದಿಯಲ್ಲಿಯೂ ಇದೆ.

ಇದರಿಂದ ಗೋಡೆಗೆ ಬಣ್ಣ ಬಳಿಯಬಾರದೆಂದಾಗಲಿ, ಲೋಹವನ್ನು ಬಳಸಬಾರದೆಂದಾಗಲಿ ಅರ್ಥವಲ್ಲ. ಸಂಸಾರದಲ್ಲಿರುವವನು ಯಾವ ಹಾನಿಗೂ ಪಾಲುದಾರನಾಗದೆ ಒಂದು ದಿನವನ್ನೂ ಕಳೆಯಲಾರನು. ಆದರೆ ಪಾಲುದಾರನೆಂಬ ಅರಿವು ಬಂದೊಡನೆ ಎರಡು ಕಾರ್ಯಗಳು ಅವನ ಕೈಗೆಟಕುತ್ತವೆ: ಬೇಕಾದಷ್ಟಕ್ಕೆ ಬಳಕೆಯನ್ನು ನಿಲ್ಲಿಸುವುದು ಒಂದು; ತನ್ನ ಹೆಸರಿನಲ್ಲಿ, ರಾಷ್ಟ್ರದ ಅಗತ್ಯವೆಂಬ ಮಾತಿನಲ್ಲಿ, ಯಾರ ಅಂಗಳದ ಮರಳು ಹೋಗುತ್ತಿದೆಯೋ ಅವರನ್ನು ಕೇಳಲಾಯಿತೆ ಎಂದು ವಿಚಾರಿಸುವುದು ಇನ್ನೊಂದು. ಬಹುಜನಹಿತದ ಹೆಸರಿನಲ್ಲಿ ಆಲಿಕೆಯನ್ನು ಕೈಬಿಡುವಾಗ ಆ ಬಹುಜನರಲ್ಲಿ ಪ್ರತಿಯೊಬ್ಬನೂ ಎಣಿಕೆಗೆ ಬರುತ್ತಾನೆ. ಅವನು ಸುಮ್ಮನಿದ್ದರೆ ಆ ಮೌನವನ್ನು ಸಮ್ಮತಿಯೆಂದೇ ಕಡತ ಬರೆದುಕೊಳ್ಳುತ್ತದೆ.